ಇಲ್ಲ ಅನ್ನದ ನಾಲ್ಕು ಯಂತ್ರಗಳು

ನನ್ನ ಅಕ್ಕನಿಗೆ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಬೇಕಿತ್ತು. ಬೆಳಿಗ್ಗೆ ರೊಟ್ಟಿಗೆ ಮುಂಚೆ, ರಾತ್ರಿ ಅನ್ನಕ್ಕೆ ಮುಂಚೆ. ಒಂದು ಹೊತ್ತು ತಪ್ಪಿದರೆ ಬಾಯಿ ಒಣಗಿ ಚೊಂಬುಗಟ್ಟಲೆ ನೀರು ಕುಡಿಯುವಳು. ಇನ್ನೂ ತಪ್ಪಿದರೆ ವಾಂತಿ. ಅದಕ್ಕೂ ಮುಂದೆ ಏನಾಗುತ್ತದೆ ಎಂಬುದನ್ನು ಶಿವಮೊಗ್ಗದ ಡಾಕ್ಟರು ಅಪ್ಪನನ್ನು ಹೊರಗೆ ವರಾಂಡಕ್ಕೆ ಕರೆದು ಹೇಳಿದ್ದರು. ಅಪ್ಪನಿಗೆ ಮಾತು ಹೊಟ್ಟೆಯಲ್ಲಿ ಇಟ್ಟುಕೊಂಡು ಗೊತ್ತಿರಲಿಲ್ಲ, ಶಿಕಾರಿಪುರಕ್ಕೆ ಬಂದವನೇ ಚಪ್ಪಲಿ ಬಿಡುವ ಮೊದಲೇ ನಮಗೆಲ್ಲ ಹೇಳಿಬಿಟ್ಟ.

ಮದುವೆಯಾಗಿ ಆನವಟ್ಟಿ ಪಕ್ಕದ ಹಳ್ಳಿಗೆ ಹೋದ ಮೇಲೆ ಅವಳಿಗೆ ಈ ಕಾಯಿಲೆ ಹತ್ತಿಕೊಂಡದ್ದು. ಇಂಥ ಸೊಸೆಯನ್ನು ಗಂಟುಮೂಟೆ ಸಮೇತ ತವರಿಗೆ ಅಟ್ಟುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವಳ ಅತ್ತೆ ಮನೆಯವರು ಹಾಗೆ ಮಾಡಲಿಲ್ಲ. ಭಾವ ಒಕ್ಕಲುತನದ ಮನುಷ್ಯ, ಎತ್ತಿನ ಮೂಗುದಾರ ಹಿಡಿಯುವ ದಪ್ಪ ಬೆರಳು. ಅಂಥ ಕೈಯಲ್ಲಿ ಸಿರಿಂಜು ಹಿಡಿದು, ವಾರಗಟ್ಟಲೆ ಬದನೆಕಾಯಿಗೆ ಚುಚ್ಚಿ ಚುಚ್ಚಿ ಕಲಿತ. ಹಿತ್ತಲಿನ ಬದನೆಕಾಯಿಗೆಲ್ಲ ಸಕ್ಕರೆ ಕಾಯಿಲೆ ವಾಸಿಯಾಯಿತು ಎಂದು ಅಕ್ಕ ಅವನನ್ನು ಗೇಲಿ ಮಾಡುತ್ತಿದ್ದಳು.

ತೊಂದರೆ ಇದ್ದದ್ದು ಸೀಸೆಯದ್ದು. ಆನವಟ್ಟಿಯಲ್ಲಿ ಆಗ ಇನ್ಸುಲಿನ್ ಇಡುವವರಿರಲಿಲ್ಲ. ಅದಕ್ಕೆ ಫ್ರಿಜ್ಜು ಬೇಕು, ಫ್ರಿಜ್ಜಿಗೆ ಕರೆಂಟು ಬೇಕು, ಕರೆಂಟು ಇರಬೇಕೆಂದರೆ ಪುಣ್ಯ ಮಾಡಿರಬೇಕು. ಅಪ್ಪ ಶಿಕಾರಿಪುರದಲ್ಲಿ ಸೀಸೆ ಕೊಂಡು, ಫ್ಲಾಸ್ಕಿಗೆ ಐಸು ತುಂಬಿಸಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಅಪ್ಪನ ಮಂಡಿ ನೋವು ಜಾಸ್ತಿಯಾದಾಗ ಇನ್ನು ಹೇಗೆ ಎಂಬ ಚಿಂತೆ ಮನೆಯಲ್ಲಿ ಎಲ್ಲರಿಗೂ ಶುರುವಾಯಿತು.

ಅದೇ ಹೊತ್ತಿಗೆ ಸಾಹುಕಾರರು ನನ್ನನ್ನು ಕರೆಸಿದರು. ಅವರದು ಔಷಧಿಯ ಸಗಟು ವ್ಯಾಪಾರ. ಶಿಕಾರಿಪುರದಲ್ಲಿ ದೊಡ್ಡ ಅಂಗಡಿ, ಶಿರಾಳಕೊಪ್ಪ, ಸೊರಬ, ಆನವಟ್ಟಿಯಲ್ಲಿ ಒಂದೊಂದು. ಉಡುತಡಿಯಿಂದ ತೊಗರ್ಸಿಯ ತನಕ ಸಣ್ಣ ಮೆಡಿಕಲ್ ಶಾಪಿನವರೆಲ್ಲ ಇವರ ಹತ್ತಿರವೇ ಮಾಲು ಎತ್ತುತ್ತಿದ್ದರು. ದಾವಣಗೆರೆಯಲ್ಲಿ ಯಾರದೋ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿ ಬಂದು, ನಮಗೂ ಬೇಕು ಎಂದು ನಾಲ್ಕು ಹಳೆಯ ಯಂತ್ರ ತರಿಸಿ, ಸೀರೆ ಹೊದಿಸಿ ಇಟ್ಟಿದ್ದರು. ನಡೆಸುವವರು ಯಾರೂ ಇರಲಿಲ್ಲ. ನಾನು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ ಮನೆಯಲ್ಲಿ ಶೇಂಗಾ ಸುಲಿಯುತ್ತಿದ್ದೆ. ಹೆಣ್ಣುಮಗಳು ಅಂಗಡಿಯಲ್ಲಿ ಕೂರುವುದೇ ಎಂದು ಅವ್ವ ಮೂಗು ಮುರಿದಳು. ಅಕ್ಕನ ಇನ್ಸುಲಿನ್ ಅಂಗಡಿ ಅದು ಎಂದೆ. ಮರುದಿನ ಅವ್ವನೇ ಬುತ್ತಿ ಕಟ್ಟಿಕೊಟ್ಟಳು.

ಈಗಿನ ಹುಡುಗರು ನಾನು ಮಾಡಿದ್ದಕ್ಕೆ ಮೈಕ್ರೋಸರ್ವಿಸ್ ಅನ್ನುತ್ತಾರಂತೆ. ಕ್ಲೌಡಿನ ಮೇಲೆ ಸಾವಿರಾರು ಸಣ್ಣ ಪ್ರೋಗ್ರಾಂಗಳು, ಒಂದೊಂದಕ್ಕೆ ಒಂದೊಂದೇ ಕೆಲಸ, ಒಂದು ಸತ್ತರೂ ಉಳಿದದ್ದು ಬದುಕಿರಬೇಕು. ಕೇಳಿದಾಗ ನಗು ಬರುತ್ತದೆ. ನನ್ನ ಹತ್ತಿರ ಮೋಡವೂ ಇರಲಿಲ್ಲ ಮಣ್ಣೂ ಇರಲಿಲ್ಲ. ನಾಲ್ಕು ಊರಿನ ನಾಲ್ಕು ಮುದಿ ಯಂತ್ರ, ನಡುವೆ ಟೆಲಿಫೋನಿನ ತಂತಿ, ತಂತಿಯ ತುದಿಗೆ ಕೀಂ ಕೀಂ ಎಂದು ಕಿರುಚುವ ಮೋಡೆಮ್ ಎಂಬ ಡಬ್ಬಿ. ಅಷ್ಟೇ ನನ್ನ ಸಾಮ್ರಾಜ್ಯ.

ಎಲ್ಲವನ್ನೂ ಶಿಕಾರಿಪುರದ ಒಂದೇ ಯಂತ್ರಕ್ಕೆ ತುಂಬಬಹುದಿತ್ತು. ಆದರೆ ಅದೊಂದು ಮಲಗಿದರೆ ನಾಲ್ಕು ಅಂಗಡಿಯೂ ಮಲಗುತ್ತವೆ. ಹಾಗಾಗಿ ಕೆಲಸ ಹಂಚಿದೆ. ಮದುವೆ ಮನೆಯ ಅಡಿಗೆಯಲ್ಲಿ ಒಬ್ಬರು ಬರೀ ಪಾಯಸ ನೋಡಿಕೊಳ್ಳುತ್ತಾರೆ, ಒಬ್ಬರು ಬರೀ ಅನ್ನ ಬಸಿಯುತ್ತಾರೆ, ಹಾಗೆ ಎಂದು ಸಾಹುಕಾರರಿಗೆ ಬಿಡಿಸಿ ಹೇಳಿದೆ. ಯಾವ ಮಾಲು ಯಾವ ಅಂಗಡಿಯಲ್ಲಿ ಎಷ್ಟಿದೆ ಎಂಬುದು ಶಿಕಾರಿಪುರದ ಯಂತ್ರಕ್ಕೆ ಮಾತ್ರ ಗೊತ್ತು. ದರವೂ ಅವಧಿ ಮುಗಿಯುವ ದಿನವೂ ಶಿರಾಳಕೊಪ್ಪದ್ದು. ಯಾವ ಬಸ್ಸಿಗೆ ಏನು ಹಾಕಬೇಕೆಂದು ಹುಕುಂ ಮಾಡುವುದು ಸೊರಬದ್ದು. ಗಿರಾಕಿಗಳ ಬೇಡಿಕೆ ತೆಗೆದುಕೊಂಡು ಮುಂದಕ್ಕೆ ದಾಟಿಸುವುದು ಆನವಟ್ಟಿಯದ್ದು. ಯಾರೂ ಇನ್ನೊಬ್ಬರ ಒಲೆಗೆ ಕೈ ಹಾಕುವಂತಿಲ್ಲ, ಬೇಕಾದರೆ ಫೋನು ಮಾಡಿ ಕೇಳಬೇಕು. ಸಾಹುಕಾರರಿಗೆ ಈ ಏರ್ಪಾಟು ಬಹಳ ಹಿಡಿಸಿತು. ಒಟ್ಟು ಕುಟುಂಬದಲ್ಲಿ ಬೆಳೆದವರು, ಹಂಚಿಕೊಂಡು ಮಾಡಿದರೆ ಕೆಟ್ಟದಾಗುತ್ತದೆ ಎಂದು ಅವರಿಗೆ ಯಾರು ಹೇಳಿದರೂ ನಂಬುತ್ತಿರಲಿಲ್ಲ.

ಆನವಟ್ಟಿ ಅಂಗಡಿಗೆ ಫ್ರಿಜ್ಜು ಕೊಡಿಸಿದ್ದೂ ಅವರೇ. ನಾನು ಕೇಳಿದ್ದು ಒಂದೇ ಮಾತು. ಮರುವಾರ ಟೆಂಪೋದಲ್ಲಿ ಫ್ರಿಜ್ಜು ಹೋಯಿತು. ಅದರ ಮೇಲಿನ ಅರೆಯಲ್ಲಿ ಅಕ್ಕನ ಸೀಸೆ. ಖಾಲಿಯಾಗುತ್ತ ಬಂದರೆ ಭಾವ ಬಂದು ಹೇಳುತ್ತಿದ್ದ, ಆನವಟ್ಟಿಯ ಯಂತ್ರ ಸೊರಬವನ್ನು ಕೇಳುತ್ತಿತ್ತು, ಸೊರಬ ಶಿಕಾರಿಪುರವನ್ನು ಕೇಳುತ್ತಿತ್ತು, ಇಂಥ ಅಂಗಡಿಯಲ್ಲಿದೆ ಎಂದು ಉತ್ತರ ಬಂದ ಮೇಲೆ ಆ ಅಂಗಡಿಯ ಪರದೆಯ ಮೇಲೆ ಹುಕುಂ ಮೂಡುತ್ತಿತ್ತು, ಬೆಳಗಿನ ಬಸ್ಸಿಗೆ ಫ್ಲಾಸ್ಕು ಏರುತ್ತಿತ್ತು. ಅಪ್ಪನ ಮಂಡಿಗೆ ಬಿಡುವು ಸಿಕ್ಕಿತು. ಅಕ್ಕ ಒಮ್ಮೆ ತವರಿಗೆ ಬಂದಾಗ ಅಂಗಡಿಗೆ ಬಂದು, ಯಂತ್ರದ ಮುಂದೆ ಬಹಳ ಹೊತ್ತು ಕೂತಿದ್ದಳು. ನನ್ನ ತಂಗಿ ನನಗೊಂದು ಹಸು ಕಟ್ಟಿದ್ದಾಳೆ, ಬೇಕಾದಾಗ ಹಾಲು ಕರೆದುಕೊಳ್ಳಬಹುದು ಎಂದು ಊರಿಗೆ ಹೋಗಿ ಹೇಳಿದಳಂತೆ.

ಕಟ್ಟುವುದು ಒಂದು ಕೆಲಸ, ಮೇಯಿಸುವುದು ಇನ್ನೊಂದು. ಆ ಯಂತ್ರಗಳನ್ನು ನಡೆಸಿದ ಕಷ್ಟ ನನಗೇ ಗೊತ್ತು. ಒಂದು ಸತ್ತರೆ ಉಳಿದ ಮೂರು ಬದುಕುತ್ತವೆ ಎಂದು ನಾನು ಎದೆ ತಟ್ಟಿ ಹೇಳಿದ್ದೆ. ಬದುಕುತ್ತಿದ್ದವು ನಿಜ, ಆದರೆ ಸತ್ತದ್ದರ ಉತ್ತರಕ್ಕೆ ಬಾಯಿ ಬಿಟ್ಟುಕೊಂಡು ಕಾಯುತ್ತ ಬದುಕುತ್ತಿದ್ದವು. ಶಿರಾಳಕೊಪ್ಪದಲ್ಲಿ ಕರೆಂಟು ಹೋದರೆ ಸೊರಬ ಸುಮ್ಮನೆ ನಿಲ್ಲುವುದು, ಸೊರಬ ನಿಂತಿತೆಂದು ಆನವಟ್ಟಿ ನಿಲ್ಲುವುದು, ಕೊನೆಗೆ ಶಿಕಾರಿಪುರದಲ್ಲಿ ನನ್ನ ತಲೆ ನಿಲ್ಲುವುದು. ಬಸ್ಸು ಹತ್ತಿ ಊರೂರಿಗೆ ಹೋಗಿ ಯಂತ್ರಗಳನ್ನು ಎಬ್ಬಿಸಿ ಬರುತ್ತಿದ್ದೆ. ಕಂಡಕ್ಟರುಗಳೆಲ್ಲ ನನ್ನನ್ನು ಕಂಪ್ಯೂಟರ್ ನರ್ಸಮ್ಮ ಅನ್ನುತ್ತಿದ್ದರು.

ಇದಕ್ಕೆ ನಾನೊಂದು ಉಪಾಯ ಬರೆದೆ. ಕೇಳಿದ ಯಂತ್ರ ಸ್ವಲ್ಪ ಹೊತ್ತು ಕಾಯಬೇಕು. ಉತ್ತರ ಬರದಿದ್ದರೆ ಮತ್ತೆ ಕೇಳಬೇಕು. ಎರಡು ಮೂರು ಸಲ ಕೇಳಿಯೂ ಉತ್ತರವಿಲ್ಲದಿದ್ದರೆ ಕೇಳುವುದನ್ನು ನಿಲ್ಲಿಸಿ, ಗಿರಾಕಿಗೆ ನೇರವಾಗಿ ಹೇಳಬೇಕು: ಇಲ್ಲ, ಬೇರೆ ಕಡೆ ನೋಡಿ. ಅಷ್ಟು ಬರೆದ ಮೇಲೆ ನನಗೆ ಎಷ್ಟೋ ಹಗುರವಾಯಿತು. ಯಂತ್ರಕ್ಕೆ ಕೊನೆಗೂ ಸತ್ಯ ಹೇಳುವ ಬಾಯಿ ಬಂತು ಅನ್ನಿಸಿತು.

ಸಾಹುಕಾರರು ಅದನ್ನು ನೋಡಿದ್ದು ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ತೊಗರ್ಸಿಯಿಂದ ಬಂದಿದ್ದ ಮೆಡಿಕಲ್ ಶಾಪಿನವನೊಬ್ಬ ಯಾವುದೋ ಟಾನಿಕ್ಕು ಕೇಳಿದ್ದ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ‘ಇಲ್ಲ’ ಎಂದು ಮೂಡಿತು. ಅವರ ಮುಖ ಕಪ್ಪಿಟ್ಟಿತು. ಗಿರಾಕಿ ಹೋಗುವ ತನಕ ತಡೆದುಕೊಂಡು ನನ್ನ ಕಡೆ ತಿರುಗಿದರು.

“ನಮ್ಮಪ್ಪನ ಕಾಲದಿಂದ ಈ ಗಲ್ಲಾದ ಮುಂದ ಆ ಮಾತು ಆಡಿಲ್ಲವ್ವ. ಕುಂದ್ರಿ, ತರಿಸ್ತೀವಿ ಅಂತೀವಿ. ತರಿಸ್ತೀವಿ. ಇದನ್ನ ತಗದ್ಬಿಡು.”

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ವ್ಯಾಪಾರದ ಮನೆಗಳಲ್ಲಿ ಅದು ಬರೀ ನಯದ ಮಾತಲ್ಲ, ವ್ರತ. ನಮ್ಮ ಮನೆಯಲ್ಲೇ ಅವ್ವ ಅಕ್ಕಿ ಮುಗಿಯಿತು ಅನ್ನುತ್ತಿರಲಿಲ್ಲ, ಅಕ್ಕಿ ತರಬೇಕು ಅನ್ನುತ್ತಿದ್ದಳು. ಬಾಗಿಲಿಗೆ ಬಂದವರು ‘ಇಲ್ಲ’ ಕೇಳಿಸಿಕೊಂಡು ಹೋದರೆ ಹಿಂದೆಯೇ ಲಕ್ಷ್ಮಿಯೂ ಹೋಗುತ್ತಾಳೆ ಎಂದು ನಂಬಿದ ಜನ ನಾವು. ಸಾಹುಕಾರರ ಅಂಗಡಿಯಲ್ಲಿ ಇಲ್ಲದ ಮಾಲು ಕೇಳಿದರೆ ಮೊದಲು ಚಹಾ ಬರುತ್ತಿತ್ತು, ಆಮೇಲೆ ಆಳು ಓಡುತ್ತಿದ್ದ, ಎಲ್ಲಿಂದಾದರೂ ಮಾಲು ಬಂದೇ ಬರುತ್ತಿತ್ತು. ಮನುಷ್ಯರು ಕೂತು ನಡೆಸುವಾಗ ಆ ವ್ರತ ನಡೆಯುತ್ತಿತ್ತು. ‘ತರಿಸ್ತೀವಿ’ ಎಂದವನಿಗೆ ತರಿಸಬೇಕು ಎಂಬ ಕಳವಳ ಇರುತ್ತಿತ್ತಲ್ಲ.

ಯಂತ್ರಕ್ಕೆ ಎಂಥ ಕಳವಳ? ನಾನು ವಾದ ಮಾಡಿದೆ. ಒಂದು ದಿನವಲ್ಲ, ಸುಮಾರು ದಿನ ಮಾಡಿದೆ. ಉತ್ತರ ಸಿಗದಿದ್ದಾಗ ಯಂತ್ರ ಉತ್ತರ ಸಿಗಲಿಲ್ಲ ಎಂದೇ ಹೇಳಬೇಕು, ಇಲ್ಲವಾದರೆ ಗಿರಾಕಿ ಮೋಸ ಹೋಗುತ್ತಾನೆ ಎಂದೆ. ಅವರು ಸಿಟ್ಟು ಮಾಡಿಕೊಳ್ಳದೆ ಎಲ್ಲ ಕೇಳಿಸಿಕೊಂಡರು. ನಿನ್ನ ವಿದ್ಯೆ ದೊಡ್ಡದು, ಆದರೆ ಅಂಗಡಿ ನಮ್ಮದು ಎಂದರು. ಎಷ್ಟು ಸಲ ಬೇಕಾದರೂ ಕೇಳಲಿ, ಬೇಸರ ಮಾಡಿಕೊಳ್ಳದೆ ಕೇಳುತ್ತಲೇ ಇರಲಿ, ಆದರೆ ಕೈಚೆಲ್ಲಬಾರದು ಎಂದರು. ಕೊನೆಗೆ ನನಗೂ ಸಾಕಾಯಿತು. ಹಾಳಾಗಿ ಹೋಗಲಿ ಎಂದು ಆ ನಿಲ್ಲಿಸುವ ಸಾಲುಗಳನ್ನು ಕಿತ್ತು ಹಾಕಿ, ‘ತರಿಸುತ್ತಿದ್ದೇವೆ’ ಎಂದು ಬರೆದು, ಫ್ಲಾಪಿಗೆ ಹಾಕಿ ನಾಲ್ಕು ಊರಿಗೂ ಹಂಚಿ ಬಂದೆ. ಗಿರಾಕಿಗಳಿಗೆ ಅದು ಇಷ್ಟವಾಯಿತು. ಶಿಕಾರಿಪುರದ ಸಾಹುಕಾರರ ಯಂತ್ರವೂ ಅವರ ಹಾಗೆ ಮರ್ಯಾದಸ್ಥ ಎಂದು ಜನ ಹೊಗಳಿದರು.

ಮುಂಗಾರಿಗೆ ಇನ್ನೂ ದಿನವಿದ್ದಾಗ ಒಂದು ಮಧ್ಯಾಹ್ನ ದೊಡ್ಡ ಗಾಳಿ ಎದ್ದಿತು. ಶಿಕಾರಿಪುರಕ್ಕೂ ಶಿರಾಳಕೊಪ್ಪಕ್ಕೂ ನಡುವೆ ಮರ ಬಿದ್ದು, ಟೆಲಿಫೋನ್ ಕಂಬಗಳು ಸಾಲಾಗಿ ಮಲಗಿದವು. ರಸ್ತೆ ಸಂಜೆಗೆಲ್ಲ ತೆರವಾಯಿತು, ಬಸ್ಸುಗಳು ಓಡಾಡಿದವು. ಸೊರಬಕ್ಕೂ ಆನವಟ್ಟಿಗೂ ಅದೇ ದಾರಿಯಲ್ಲಿ ಹೋಗುತ್ತಿದ್ದ ತಂತಿ ಮಾತ್ರ ಹಾಗೇ ಬಿದ್ದಿತ್ತು. ಊರೊಳಗಿನ ಫೋನುಗಳು ಸರಿಯಾಗಿಯೇ ಇದ್ದವು, ಎತ್ತಿದರೆ ಗುಂಯ್ ಎನ್ನುತ್ತಿದ್ದವು. ಹಾಗಾಗಿ ಶಿಕಾರಿಪುರದ ಯಂತ್ರ ಉಳಿದ ಮೂರರಿಂದ ಕಡಿದುಹೋಗಿದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ನನ್ನ ಯಂತ್ರ ಜನರೇಟರಿನ ಮೇಲೆ ನಡೆಯುತ್ತಿತ್ತು. ಪರದೆ ಬೆಳಗುತ್ತಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ, ಏನೂ ಕೆಟ್ಟಿರಲಿಲ್ಲ. ಸಂಜೆ ಉಳಿದ ಅಂಗಡಿಗಳಿಂದ ಮಾರಾಟದ ವಿವರ ಬರಲಿಲ್ಲ, ಗಾಳಿಗೆ ಅಲ್ಲೆಲ್ಲ ಕರೆಂಟು ಹೋಗಿರಬೇಕು, ಮಾಮೂಲು ಎಂದುಕೊಂಡೆ. ಎಷ್ಟೋ ತಿಂಗಳ ಮೇಲೆ ಯಾವ ಊರಿನಿಂದಲೂ ದೂರು ಇಲ್ಲದ ದಿನಗಳು. ನಾನು ಹೊಟ್ಟೆ ತುಂಬ ಉಂಡೆ, ಮಧ್ಯಾಹ್ನ ಅಂಗಡಿಯ ಮಾಳಿಗೆಯಲ್ಲಿ ಕಣ್ಣು ತುಂಬ ಮಲಗಿದೆ. ಎಲ್ಲ ಸರಿಯಿದ್ದಾಗಲೂ ಪರದೆ ಹೀಗೇ ಇರುತ್ತದೆ, ಎಲ್ಲ ಮುಗಿದುಹೋಗುತ್ತಿರುವಾಗಲೂ ಹೀಗೇ ಇರುತ್ತದೆ. ಇದನ್ನು ಯಾವ ಪಾಲಿಟೆಕ್ನಿಕ್ಕಿನಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಆ ಗಾಳಿಯ ದಿನವೇ ಅಕ್ಕನ ಮನೆಯಲ್ಲಿ ಸೀಸೆ ಒಡೆಯಿತು. ಅವರ ಮನೆಯಲ್ಲಿ ಫ್ರಿಜ್ಜಿರಲಿಲ್ಲ. ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಸೀಸೆ ಹೂತಿಡುತ್ತಿದ್ದರು. ಗಾಳಿಗೆ ಹೆಂಚು ಹಾರಿ ಮಡಕೆಯ ಮೇಲೆ ಬಿತ್ತು. ಹೊಸ ಸೀಸೆ, ಆಗಷ್ಟೇ ತಂದದ್ದು. ಆನವಟ್ಟಿ ಅಂಗಡಿಯ ಫ್ರಿಜ್ಜಿನಲ್ಲಿ ಉಳಿದಿದ್ದ ಕೊನೆಯ ಸೀಸೆಯೇ ಅದು. ಭಾವ ಆ ಸಂಜೆಯೇ ಬೈಕು ಹತ್ತಿ ಅಂಗಡಿಗೆ ಹೋದ. ಅಲ್ಲಿ ಕರೆಂಟಿತ್ತು, ಯಂತ್ರ ಚಾಲೂ ಇತ್ತು. ಅಂಗಡಿಯವರು ಒತ್ತಿದರು. ತರಿಸುತ್ತಿದ್ದೇವೆ ಎಂದು ಬಂತು. ಭಾವನಿಗೆ ಚಹಾ ಕೊಟ್ಟು, ಬೆಳಗಿನ ಬಸ್ಸಿಗೆ ಬರುತ್ತದೆ ಎಂದು ಕಳಿಸಿದರು.

ಬೆಳಗಿನ ಬಸ್ಸಿಗೆ ಬರಲಿಲ್ಲ. ಭಾವ ಮತ್ತೆ ಕೇಳಿದ, ಮತ್ತೆ ಅದೇ ಉತ್ತರ. ಎಸ್‌ಟಿಡಿ ಬೂತಿಗೆ ಹೋಗಿ ನಮ್ಮ ಅಂಗಡಿಗೆ ಫೋನು ಮಾಡಿದನಂತೆ. ಎಲ್ಲ ಲೈನುಗಳು ಬಿಜಿ ಇವೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ ಎಂದು ಆ ಹೆಂಗಸಿನ ದನಿ ನಯವಾಗಿ ಹೇಳಿತಂತೆ. ಆ ದನಿಯೂ ತಂತಿ ಬಿದ್ದಿದೆ ಅನ್ನಲಿಲ್ಲ. ಸಂಜೆಗೆ ಅಕ್ಕನಿಗೆ ವಾಂತಿ ಶುರುವಾಯಿತು. ಅವಳು ಏನೂ ತಿನ್ನದೆ ಬರೀ ಮಜ್ಜಿಗೆ ನೀರು ಕುಡಿದು ಮಲಗಿದಳು.

ಆಗ ಏನು ನಡೆಯುತ್ತಿತ್ತು ಎಂಬುದನ್ನು ನಾನು ಆಮೇಲೆ ಒಂದೊಂದೇ ಊರಿಗೆ ಹೋಗಿ ಬಿಡಿಸಿ ನೋಡಿದ್ದೇನೆ. ಆನವಟ್ಟಿಯ ಯಂತ್ರ ಸೊರಬವನ್ನು ಕೇಳಿತು. ಆ ಲೈನು ಚೆನ್ನಾಗಿಯೇ ಇತ್ತು. ಸೊರಬದ ಯಂತ್ರ ಶಿಕಾರಿಪುರವನ್ನು ಕೇಳಿತು: ಇನ್ಸುಲಿನ್ ಯಾವ ಅಂಗಡಿಯಲ್ಲಿದೆ? ಶಿಕಾರಿಪುರ ಮಾತಾಡಲಿಲ್ಲ. ಸೊರಬ ಮತ್ತೆ ಕೇಳಿತು. ಮತ್ತೆ ಕೇಳಿತು. ಹೀಗೆ ಕೇಳುತ್ತಿದ್ದ ಯಂತ್ರದಿಂದ ಒಂದು ಮಾರು ದೂರದಲ್ಲಿ ಸೊರಬ ಅಂಗಡಿಯ ಫ್ರಿಜ್ಜಿತ್ತು. ಅದರೊಳಗೆ ಇನ್ಸುಲಿನ್ ಸೀಸೆ ಇತ್ತು. ಅಂಗಡಿಯವರು ಬೆನ್ನು ತಿರುಗಿಸಿದರೆ ಕೈಗೆ ಸಿಗುವಷ್ಟು ಹತ್ತಿರ. ಆದರೆ ತನ್ನ ಅಂಗಡಿಯಲ್ಲೇ ಏನಿದೆ ಎಂಬುದು ಸೊರಬದ ಯಂತ್ರಕ್ಕೆ ಗೊತ್ತಿರಲಿಲ್ಲ, ಅದು ಶಿಕಾರಿಪುರದ ಕೆಲಸ. ಅಂಗಡಿಯವರ ಕಣ್ಣಿಗೆ ಬೀಳುವುದು ಕೊನೆಯ ಹುಕುಂ ಮಾತ್ರ, ಆ ಹುಕುಂ ಮೂಡಲೇ ಇಲ್ಲ. ಆನವಟ್ಟಿಯಿಂದ ಸೊರಬಕ್ಕೆ ಬೈಕಿನಲ್ಲಿ ಎಷ್ಟು ಹೊತ್ತಿನ ದಾರಿ? ಊಟ ಮಾಡಿ ಕೈ ತೊಳೆಯುವುದರೊಳಗೆ ಹೋಗಿಬಿಡಬಹುದು.

ಮರುದಿನ ಮಧ್ಯಾಹ್ನ ನಮ್ಮ ಅಂಗಡಿಯ ಮುಂದೆ ಒಂದು ಬಾಡಿಗೆ ಕಾರು ನಿಂತಿತು. ಭಾವ ಇಳಿದು ಒಳಗೆ ಬಂದ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದ. ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ, ಇಲ್ಲಿ ಇನ್ಸುಲಿನ್ ಇದ್ದರೆ ದಾರಿಯಲ್ಲೇ ಕೊಡುತ್ತೇನೆ ಎಂದ. ಯಾಕೆ, ಏನಾಯಿತು, ಮೊನ್ನೆ ತಾನೇ ಹೊಸ ಸೀಸೆ ಹೋಗಿತ್ತಲ್ಲ ಎಂದು ಕೇಳುತ್ತಲೇ ಫ್ರಿಜ್ಜಿನ ಬಾಗಿಲು ತೆಗೆದೆ. ಒಳಗೆ ಅರೆಯ ತುಂಬ ಸೀಸೆಗಳು. ಭಾವ ಅವನ್ನು ನೋಡುತ್ತ ನಿಂತುಬಿಟ್ಟ.

“ಇಲ್ಲೇ ಇಷ್ಟೊಂದು ಐತಾ,” ಎಂದ ಮೆಲ್ಲಗೆ. “ತರಿಸ್ತೀವಿ ಅಂತಿತ್ತಲ್ಲವ್ವ ಮಿಷನ್ನು. ನಾನು ಸೊರಬಕ್ಕಾದ್ರೂ ಹೋಗಿ ನೋಡ್ತೀನಿ ಅಂದೆ. ಇವಳೇ ಬ್ಯಾಡ ಅಂದ್ಲು. ಅದು ನನ್ ತಂಗಿ ಮಾಡಿದ್ದು, ಬತ್ತೈತೆ ಅಂದ್ರೆ ಬತ್ತೈತೆ ಅಂದ್ಲು.”

ನಾನು ಸೀಸೆ ಹಿಡಿದು ಕಾರಿನ ಹಿಂದಿನ ಸೀಟಿಗೆ ಹತ್ತಿದೆ. ಅಕ್ಕ ದೊಡ್ಡದಾಗಿ, ಬೇಗ ಬೇಗ ಉಸಿರಾಡುತ್ತಿದ್ದಳು. ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಕಣ್ಣು ಅರ್ಧ ತೆರೆದಿತ್ತು, ನನ್ನನ್ನು ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ಭಾವ ಕೈ ನಡುಗಿಸದೆ ಚುಚ್ಚಿದ. ಅವಳ ತಲೆ ನನ್ನ ತೊಡೆಯ ಮೇಲೆ ಇತ್ತು. ಬಂತು ನೋಡೇ ಅಕ್ಕ, ಇನ್ಸುಲಿನ್ ಬಂತು ಎಂದು ಅವಳ ಕಿವಿಯಲ್ಲಿ ಹೇಳಿದೆ. ಹುಚ್ಚಿಯ ಹಾಗೆ ಅದನ್ನೇ ಹೇಳುತ್ತಿದ್ದೆ. ಶಿವಮೊಗ್ಗ ಇನ್ನೂ ದೂರವಿರುವಾಗಲೇ ಆ ದೊಡ್ಡ ಉಸಿರು ನಿಂತಿತು. ಡ್ರೈವರ್ ಕಾರನ್ನು ಒಂದು ಮರದ ಕೆಳಗೆ ನಿಲ್ಲಿಸಿ, ಇಳಿದು, ನಮಗೆ ಬೆನ್ನು ಮಾಡಿ ನಿಂತ. ಆಮೇಲೆ ಕಾರು ತಿರುಗಿತು.

ಯಾರ ಮೇಲೆ ಹರಿಹಾಯಬೇಕು ಎಂದು ನಾನು ಎಷ್ಟೋ ವರ್ಷ ಹುಡುಕಿದ್ದೇನೆ. ಒಬ್ಬರಾದರೂ ಕೆಟ್ಟವರು ಸಿಕ್ಕಿದ್ದರೆ ನನಗೆ ಬದುಕುವುದು ಸುಲಭವಾಗುತ್ತಿತ್ತು. ಸಾಹುಕಾರರ ಮೇಲೆ ಕೂಗಾಡಲು ಹೋದೆ. ಸುದ್ದಿ ಕೇಳಿ ಅವರು ಅಂಗಡಿಯ ಹೊಸ್ತಿಲ ಮೇಲೆ ಕುಸಿದು ಕೂತಿದ್ದರು, ಎರಡೂ ಕೈ ತಲೆಯ ಮೇಲೆ. ಬೈಯುವುದನ್ನು ಬಿಟ್ಟು ನಾನೂ ಪಕ್ಕದಲ್ಲಿ ಕೂತೆ. ಆನವಟ್ಟಿ ಅಂಗಡಿಯವರು ಪರದೆ ಹೇಳಿದ್ದನ್ನು ಹೇಳಿದರು. ಸೊರಬದವರಿಗೆ ಸುದ್ದಿಯೇ ಇರಲಿಲ್ಲ. ಭಾವ ನಂಬಿದ. ಅಕ್ಕ ಎಲ್ಲರಿಗಿಂತ ಹೆಚ್ಚು ನಂಬಿದಳು, ನನ್ನ ಕಾರಣಕ್ಕೆ. ಯಂತ್ರಗಳಂತೂ ಹೇಳಿದಷ್ಟನ್ನು ಒಂದು ಚೂರೂ ತಪ್ಪಿಲ್ಲದೆ ಮಾಡಿದವು. ಇಷ್ಟು ಜನ ಒಳ್ಳೆಯವರು ಸೇರಿ ಒಬ್ಬಳನ್ನು ಕೊಂದೆವು ಅಂದರೆ ದೇವರಿಗೂ ಅರ್ಥವಾಗಲಿಕ್ಕಿಲ್ಲ. ಈ ಲೋಕದಲ್ಲಿ ನ್ಯಾಯ ಅನ್ನುವುದು ಇದೆ ಎಂಬ ನಂಬಿಕೆ ಆವತ್ತೇ ನನ್ನಿಂದ ಬಿಟ್ಟುಹೋಯಿತು, ತಿರುಗಿ ಬಂದಿಲ್ಲ.

ಮಾರನೆಯ ದಿನ ಅವಳನ್ನು ಭಾವನ ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. ಅಪ್ಪನಿಗೆ ಮಂಡಿ ಮಡಚಲು ಆಗದೆ ನಿಂತೇ ಒಂದು ಹಿಡಿ ಮಣ್ಣು ಹಾಕಿದ. ಅವ್ವ ಅಳಲಿಲ್ಲ. ಸ್ನಾನ ಮಾಡಿ ಬಂದು ನಾವೆಲ್ಲ ಅಂಗಳದಲ್ಲಿ ಕೂತಿದ್ದೆವು. ಸಾಹುಕಾರರೂ ಬಂದಿದ್ದರು. ಗಂಡಸರ ಸಾಲಿನ ಕೊನೆಯಲ್ಲಿ, ಚಾಪೆ ಕೊಟ್ಟರೂ ಬೇಡವೆಂದು ನೆಲದ ಮೇಲೆ ಕೂತಿದ್ದರು.

ಅದೇ ಬೆಳಿಗ್ಗೆ ಲೈನ್‌ಮನ್‌ಗಳು ಕಂಬ ನಿಲ್ಲಿಸಿ ತಂತಿ ಎಳೆದಿದ್ದರು. ಶಿಕಾರಿಪುರದ ಯಂತ್ರಕ್ಕೆ ಕಿವಿ ಬಂತು. ಸೊರಬ ಅಷ್ಟು ಹೊತ್ತೂ ಕೇಳುತ್ತಲೇ ಇತ್ತಲ್ಲ, ಆ ಒಂದೊಂದು ಕೇಳಿಕೆಯೂ ಒಂದೊಂದು ಹೊಸ ಬೇಡಿಕೆಯಾಗಿ ಅಲ್ಲೇ ಸಾಲು ನಿಂತಿತ್ತು. ಎರಡು ಮೂರು ಸಲಕ್ಕೆ ನಿಲ್ಲು ಎಂದು ನಾನು ಬರೆದಿದ್ದ ಸಾಲುಗಳು ಇದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವು ಇರಲಿಲ್ಲ. ಶಿಕಾರಿಪುರ ಪ್ರತಿಯೊಂದು ಬೇಡಿಕೆಗೂ ಉತ್ತರ ಕೊಟ್ಟಿತು. ಇಲ್ಲೊಂದಿದೆ, ಅಲ್ಲೊಂದಿದೆ, ಮತ್ತೊಂದಿದೆ. ಎಲ್ಲ ಅಂಗಡಿಗಳ ಪರದೆಯ ಮೇಲೂ ಹುಕುಂ ಮೂಡಿತು. ನಾನು ಅಲ್ಲಿರಲಿಲ್ಲ, ಸಾಹುಕಾರರೂ ಇರಲಿಲ್ಲ. ಅಂಗಡಿಯವರು ಪರದೆ ಹೇಳಿದಂತೆ ಸೀಸೆ ಎತ್ತಿ, ಫ್ಲಾಸ್ಕುಗಳಿಗೆ ಐಸು ತುಂಬಿ, ಸಿಕ್ಕ ಸಿಕ್ಕ ಬಸ್ಸಿಗೆ ಏರಿಸಿದರು. ಎರಡು ತಾಲ್ಲೂಕಿನಲ್ಲಿ ನಮ್ಮ ಕೈಲಿದ್ದ ಇನ್ಸುಲಿನ್ ಅಷ್ಟೂ ಆನವಟ್ಟಿ ಬಸ್‌ಸ್ಟ್ಯಾಂಡಿಗೆ ಬಂದು ಇಳಿಯಿತು.

ಬಿಸಿಲು ಇಳಿಯುವ ಹೊತ್ತಿಗೆ ಆನವಟ್ಟಿ ಅಂಗಡಿಯವರು ಮನೆಯ ಮುಂದೆ ಬಂದು ನಿಂತರು. ಎರಡೂ ಹೆಗಲಿಗೆ ಫ್ಲಾಸ್ಕುಗಳನ್ನು ನೇತುಹಾಕಿಕೊಂಡಿದ್ದರು, ಕೈಯಲ್ಲಿಯೂ ಹಿಡಿದಿದ್ದರು. ಮಣ್ಣಿಗೂ ಬಂದು ಹೋಗಿದ್ದವರೇ ಅವರು, ಗೊತ್ತಿಲ್ಲದೆ ಬಂದವರಲ್ಲ. ಕಣ್ಣು ಕೆಂಪಾಗಿತ್ತು. ಅಂಗಳಕ್ಕೆ ಕಾಲಿಡದೆ ಹೊರಗೇ ನಿಂತು ಭಾವನಿಗೆ ಹೇಳಿದರು.

“ತರಿಸ್ತೀವಿ ಅಂದಿದ್ವಲ್ರೀ. ಬಂತು. ಮುಟ್ಟಿಸ್ದೆ ಹೆಂಗೆ ಇಟ್ಕೊಳ್ಲಿ ನಾನು?”

ಸಾಹುಕಾರರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಬೇಡ ಅನ್ನು, ಒಂದು ಸಲ ಬೇಡ ಅನ್ನು, ಇಲ್ಲ ಅನ್ನು, ಅವಳಿಲ್ಲ ಅನ್ನು ಎಂದು ನಾನು ಒಳಗೊಳಗೇ ಭಾವನನ್ನು ಬೇಡಿಕೊಳ್ಳುತ್ತಿದ್ದೆ. ಭಾವ ಎದ್ದ. ಬಾಗಿಲಿಗೆ ಬಂದವರನ್ನು ಹಾಗೆ ಕಳಿಸಿ ಅವನಿಗೂ ಅಭ್ಯಾಸವಿರಲಿಲ್ಲ. ಒಂದೊಂದೇ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಬಿಸಿಲು ತಾಗದ ಹಾಗೆ ಜಗುಲಿಯ ನೆರಳಿನಲ್ಲಿ ಸಾಲಾಗಿ ಇಟ್ಟ. ಆಮೇಲೆ ಒಳಗೆ ತಿರುಗಿ, ಇವರಿಗೆ ಕುಡಿಯಲು ನೀರು ತಂದುಕೊಡಿ ಎಂದ.